ಎತ್ತುತ್ತದೆ, ಆದರೆ ಹಿಡಿದು ನಿಲ್ಲುವುದಿಲ್ಲ: ಹಳೇ ಮ್ಯಾಸಿ ಟ್ರ್ಯಾಕ್ಟರಿನ ಲಿಫ್ಟ್ ರಿಪೇರಿ

ಮೊದಲು ರೋಗ ಏನು ಅಂತ ಹೇಳುತ್ತೇನೆ. ಲಿಫ್ಟ್ ಲಿವರ್ ಎಳೆದರೆ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಸಿದ, ಮಣ್ಣು ಹುಡಿ ಮಾಡುವ ರೋಟವೇಟರ್ ಮೇಲೆ ಬರುತ್ತದೆ, ತಡವೇನೂ ಇಲ್ಲ. ಬಂದ ಮೇಲೆ ಮಾತ್ರ ಒಂದು ಕಡೆ ನಿಲ್ಲುವುದಿಲ್ಲ. ಸ್ವಲ್ಪ ಇಳಿಯುತ್ತದೆ, ಗಕ್ಕನೆ ಏರುತ್ತದೆ, ಮತ್ತೆ ಇಳಿಯುತ್ತದೆ. ಗದ್ದೆಯ ಪುಣಿ, ಅಂದರೆ ಬದು, ದಾಟುವಾಗ ಹೀಗೆ ಕುಣಿಯುತ್ತಾ ಇದ್ದರೆ ಬ್ಲೇಡ್ ಹೋಗಿ ಪುಣಿಗೇ ಬಡಿಯುತ್ತದೆ. ಇಂಜಿನ್ ಬಂದ್ ಮಾಡಿದರಂತೂ ನಾನು ಸೀಟಿನಿಂದ ಇಳಿದು ಗೇಟು ಹಾಕಿ ಬರುವಷ್ಟರಲ್ಲಿ ರೋಟವೇಟರ್ ನೆಲದ ಮೇಲೆ.

ಗಾಡಿ ಮ್ಯಾಸಿ ಫರ್ಗ್ಯುಸನ್ 1035. ಬ್ರಹ್ಮಾವರದ ಹತ್ತಿರದ ನಮ್ಮ ಬೈಲುಗದ್ದೆಗೆ ದೊಡ್ಡಪ್ಪ ಸೆಕೆಂಡ್ ಹ್ಯಾಂಡ್ ತಂದದ್ದು. ಮಳೆಗಾಲದಲ್ಲಿ ಕೆಸರಿನ ಕಬ್ಬಿಣದ ಚಕ್ರ (ಕೇಜ್ ವೀಲ್) ಹಾಕಿ ಕೆಸರಲ್ಲೇ ಹೊರಳಾಡಿದ ಗಾಡಿ. ಏಣಿಲು, ಅಂದರೆ ಮಳೆಗಾಲದ ಭತ್ತ, ಕೊಯ್ಲು ಮುಗಿದಿತ್ತು. ಸುಗ್ಗಿ ಬೆಳೆಯ ಉಳುಮೆಗೆ ಮೊದಲು ಸ್ವಲ್ಪ ಬಿಡುವು. ಮಾಡಿದರೆ ಈಗಲೇ ಮಾಡಬೇಕು.

ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: "ಪಂಪ್ ಹೋಗಿದೆ ಮಾರಾಯ್ರೆ, ಹೊಸದು ಹಾಕಿಸಿ." ಹೊಸ ಪಂಪಿಗೆ ಎಷ್ಟಾಗುತ್ತದೆ ಅಂತ ಕೇಳಿ ನೋಡಿ, ಆಮೇಲೆ ನೀವೂ ನನ್ನ ಹಾಗೆ ಯೋಚನೆಗೆ ಬೀಳುತ್ತೀರಿ. ಪಂಪಿನ ಕೆಲಸ ಎತ್ತುವುದು. ಇದು ಎತ್ತುತ್ತಾ ಇದೆ, ಅದೂ ಇಂಜಿನ್ ಐಡಲ್‌ನಲ್ಲಿ ಇರುವಾಗಲೇ, ಐದಡಿ ರೋಟವೇಟರ್ ಸಮೇತ. ಹಾಗಾದರೆ ಪಂಪ್ ಹೋಗಿದೆ ಅನ್ನುವುದು ಹೇಗೆ? ಎತ್ತಿದ ಎಣ್ಣೆ ಎಲ್ಲೋ ವಾಪಸ್ ಸೋರುತ್ತಾ ಇದೆ. ಎಲ್ಲಿ ಅಂತ ನೋಡದೆ ಪಂಪಿಗೆ ದುಡ್ಡು ಸುರಿಯಲು ನನಗೆ ಮನಸ್ಸಿರಲಿಲ್ಲ.

ಈ ಲಿಫ್ಟ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಸ್ವಲ್ಪ ಗೊತ್ತಿದ್ದರೆ ಮುಂದಿನದು ಸಲೀಸು. ಇದರ ಮೂಲ ಹ್ಯಾರಿ ಫರ್ಗ್ಯುಸನ್ ಎಂಬ ಇಂಜಿನಿಯರನ ಪದ್ಧತಿ. 1939ರಲ್ಲಿ ಫೋರ್ಡ್ ಜೊತೆ ಸೇರಿ ತಂದ 9ಎನ್ ಟ್ರ್ಯಾಕ್ಟರ್, 1946ರಿಂದ ಬಂದ ಟಿಇ20, ಆಮೇಲಿನ 35 ಮಾಡೆಲ್, ಎಲ್ಲದರ ಹೊಟ್ಟೆಯಲ್ಲಿ ಇರುವುದು ಹೆಚ್ಚುಕಡಿಮೆ ಅದೇ ಸಾಮಾನು. ನಮ್ಮಲ್ಲಿ 1960ರಲ್ಲಿ ಶುರುವಾದ ಟಾಫೆ ಕಂಪನಿ ಅದೇ ವಂಶವನ್ನು ಮುಂದುವರಿಸಿತು. ಪಂಪ್ ಹೊರಗಡೆ ಎಲ್ಲೂ ಕಾಣುವುದಿಲ್ಲ. ಸೀಟಿನ ಕೆಳಗೆ, ಹೌಸಿಂಗ್ ಒಳಗೆ, ಎಣ್ಣೆಯಲ್ಲಿ ಮುಳುಗಿ ಕೂತಿರುತ್ತದೆ. ಅದನ್ನು ತಿರುಗಿಸುವುದು ಪಿಟಿಒ ಶಾಫ್ಟ್, ಅಂದರೆ ರೋಟವೇಟರಿನಂಥ ಸಾಮಾನಿಗೆ ಇಂಜಿನ್ನಿನ ಶಕ್ತಿ ಒಯ್ಯುವ ಶಾಫ್ಟ್.  ನಾಲ್ಕು ಪುಟ್ಟ ಪಿಸ್ಟನ್, ಎರಡೆರಡು ಎದುರುಬದುರು.

ಮಜಾ ಇರುವುದು ವಾಲ್ವಿನಲ್ಲಿ. ಬೇರೆ ಎಷ್ಟೋ ಗಾಡಿಗಳಲ್ಲಿ ಪಂಪ್ ಸುಮ್ನೆ ಎಣ್ಣೆ ತಳ್ಳುತ್ತಾ ಇರುತ್ತದೆ, ಬೇಡದಾಗ ವಾಲ್ವ್ ಅದನ್ನು ಟ್ಯಾಂಕಿಗೆ ವಾಪಸ್ ಬಿಡುತ್ತದೆ. ಇದರಲ್ಲಿ ವಾಲ್ವ್ ಇರುವುದು ಹೀರುವ ಬದಿಯಲ್ಲಿ. ಬೇಡವಾದಾಗ ಪಂಪಿಗೆ ಎಣ್ಣೆಯೇ ಸಿಗುವುದಿಲ್ಲ. ಎತ್ತಿದ ಎಣ್ಣೆ ಸಿಲಿಂಡರಿನಲ್ಲಿ ಬಂದಿಯಾಗಿ ನಿಲ್ಲುತ್ತದೆ. ಈಗ ಒಂದು ಕಡೆ ಸೋರಿಕೆ ಇದೆ ಅಂದುಕೊಳ್ಳಿ. ರೋಟವೇಟರನ್ನು ಎತ್ತಿ ಹಿಡಿಯುವ ಲಿಫ್ಟ್ ಆರ್ಮ್ ಸ್ವಲ್ಪ ಇಳಿಯುತ್ತದೆ. ಇಳಿದದ್ದು ಆರ್ಮನ್ನು ಇಟ್ಟ ಎತ್ತರದಲ್ಲೇ ನಿಲ್ಲಿಸುವ ಪೊಸಿಷನ್ ಕಂಟ್ರೋಲ್ ಲಿವರಿಗೆ ಗೊತ್ತಾಗಿ ವಾಲ್ವ್ ತೆರೆಯುತ್ತದೆ, ಪಂಪ್ ಹೀರಿ ಮತ್ತೆ ಮೇಲೆ ತಳ್ಳುತ್ತದೆ. ಪುನಃ ಸೋರುತ್ತದೆ. ಆ ಕುಣಿತಕ್ಕೆ ಕಾರಣ ಇಷ್ಟೇ. ಅಂದರೆ ಕುಣಿಯುತ್ತಾ ಇರುವ ಲಿಫ್ಟಿನಲ್ಲಿ ಪಂಪ್ ತನ್ನ ಕೆಲಸ ಸರಿಯಾಗೇ ಮಾಡುತ್ತಿದೆ. ಪಾಪ, ಬೈಗುಳ ಮಾತ್ರ ಅದಕ್ಕೆ.

ಸೋರುವ ಜಾಗಗಳೂ ಬಹಳ ಇಲ್ಲ. ಪಂಪಿನಿಂದ ಮೇಲಿನ ಕವರಿಗೆ ಎಣ್ಣೆ ಒಯ್ಯುವ ನೆಟ್ಟನೆಯ ಪೈಪ್, ಅದರ ಎರಡೂ ತುದಿಯಲ್ಲಿ ಓ ರಿಂಗ್ ಅನ್ನುವ ರಬ್ಬರ್ ಬಳೆ. ಕವರಿಗೂ ಸಿಲಿಂಡರಿಗೂ ನಡುವಿನ ಸೀಲ್. ಸಿಲಿಂಡರ್ ಒಳಗಿನ ಪಿಸ್ಟನ್ ರಿಂಗ್. ಒತ್ತಡ ಮಿತಿ ಮೀರಿದರೆ ಎಣ್ಣೆ ಬಿಡಲು ಪಂಪಿನ ಮೇಲಿರುವ ರಿಲೀಫ್ ವಾಲ್ವ್. ಕಂಟ್ರೋಲ್ ವಾಲ್ವಿನ ವಾಷರ್‌ಗಳು. ಅಪರೂಪಕ್ಕೆ ಸಿಲಿಂಡರೇ ಬಿರುಕು ಬಿಟ್ಟಿರುವುದೂ ಉಂಟು.

ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿದೆ, ಖರ್ಚಿಲ್ಲದ್ದು. ರೋಟವೇಟರನ್ನು ಪೂರ್ತಿ ಮೇಲಕ್ಕೆತ್ತಿ ಇಂಜಿನ್ ಬಂದ್ ಮಾಡಿ ದೂರ ನಿಂತು ನೋಡುವುದು. ಸರ್ರನೆ ಇಳಿಯಿತು. ಅರ್ಧಕ್ಕೆ ಬಂದ ಮೇಲೆ ಮಾತ್ರ ನಿಧಾನವಾಯಿತು, ಅಲ್ಲಿಂದ ಕೆಳಕ್ಕೆ ತುಂಬ ಹೊತ್ತು ತೆಗೆದುಕೊಂಡಿತು. ಮತ್ತೆ ಮಾಡಿದರೂ ಹಾಗೇ. ಇದರಲ್ಲೇ ಉತ್ತರ ಇತ್ತು. ಪೈಪಿನ ಓ ರಿಂಗ್ ಅಥವಾ ರಿಲೀಫ್ ವಾಲ್ವ್ ಸೋರುತ್ತಿದ್ದರೆ ಆರ್ಮ್ ಎಲ್ಲಿದೆ ಅನ್ನುವುದು ಅದಕ್ಕೆ ಗೊತ್ತಿಲ್ಲ, ಮೇಲಿದ್ದರೂ ಕೆಳಗಿದ್ದರೂ ಒಂದೇ ಥರ ಸೋರಬೇಕು. ಮೇಲಿರುವಾಗ ಮಾತ್ರ ಜಾಸ್ತಿ ಸೋರುತ್ತದೆ ಅಂದರೆ ತೊಂದರೆ ಇರುವುದು ಪಿಸ್ಟನ್ ಓಡಾಡುವ ದಾರಿಯಲ್ಲಿ. ಸಿಲಿಂಡರಿನ ಆ ತುದಿಯಲ್ಲಿ ಏನೋ ಆಗಿದೆ.

ಖಾತ್ರಿ ಮಾಡಿಕೊಳ್ಳಲು ಡಿಪ್‌ಸ್ಟಿಕ್ ಇರುವ ಪಕ್ಕದ ಮುಚ್ಚಳ ತೆಗೆದೆ. ಅದಕ್ಕೂ ಮೊದಲು ಎಣ್ಣೆಯನ್ನು ಆ ಕಿಂಡಿಯ ಅಂಚಿಗಿಂತ ಕೆಳಗೆ ಬರುವಷ್ಟು ಇಳಿಸಬೇಕು. ಪೂರ್ತಿ ಇಳಿಸಿದರೆ ಪಂಪಿಗೆ ಹೀರಲು ಏನೂ ಉಳಿಯುವುದಿಲ್ಲ. ಲಿಫ್ಟ್ ಎತ್ತಿ, ಇಂಜಿನ್ ಬಂದ್ ಮಾಡಿ, ಆಮೇಲೆ ಟಾರ್ಚ್ ಹಾಕಿ ನೋಡುವುದು. ಇಂಜಿನ್ ಓಡುತ್ತಿರುವಾಗ ಆ ಕಿಂಡಿಗೆ ಕೈ ಹಾಕಲೇಬಾರದು, ಒಳಗೆ ಪಿಟಿಒ ಶಾಫ್ಟ್ ತಿರುಗುತ್ತಿರುತ್ತದೆ. ಎತ್ತಿದ ರೋಟವೇಟರಿನ ಕೆಳಗೂ ಯಾರೂ ಹೋಗಬಾರದು, ಈ ರೋಗ ಇರುವ ಗಾಡಿಯಲ್ಲಂತೂ ಇನ್ನೂ ಹುಷಾರು. ಇನ್ನೊಂದು ಮಾತು. ಒತ್ತಡದ ಎಣ್ಣೆ ಎಲ್ಲಿಂದ ಚಿಮ್ಮುತ್ತಿದೆ ಅಂತ ಬೆರಳು ಇಟ್ಟು ನೋಡುವ ಅಭ್ಯಾಸ ಕೆಲವರಿಗಿದೆ. ಇದರ ಒತ್ತಡ ಚದರ ಇಂಚಿಗೆ 2000 ಪೌಂಡಿಗೂ ಮೇಲೆ ಹೋಗಬಲ್ಲದು. ಎಣ್ಣೆ ಚರ್ಮ ತೂರಿ ಒಳಗೆ ಹೋದರೆ ಆಸ್ಪತ್ರೆಯೇ ಗತಿ. ರಟ್ಟಿನ ತುಂಡು ಹಿಡಿದು ನೋಡಿ.

ಟಾರ್ಚಿನ ಬೆಳಕಿನಲ್ಲಿ ಕಂಡದ್ದು ಅಂದುಕೊಂಡ ಹಾಗೇ. ನೆಟ್ಟನೆಯ ಪೈಪಿನ ಬುಡ ಒಣಗಿತ್ತು. ಸಿಲಿಂಡರಿನ ಬಾಯಿಂದ, ಪಿಸ್ಟನ್ ರಾಡ್ ಇರುವ ಕಡೆಯಿಂದ, ಎಣ್ಣೆ ಎಳೆಯಾಗಿ ಇಳಿಯುತ್ತಿತ್ತು. ಆರ್ಮ್ ಇಳಿಯುತ್ತಾ ಬಂದ ಹಾಗೆ ಆ ಎಳೆ ತೆಳುವಾಗಿ ಹನಿಹನಿ ಆಯಿತು.

ಉಳಿದ ಎಣ್ಣೆ ಇಳಿಸಿದಾಗ ಇನ್ನೊಂದು ವಿಷಯ ಹೊರಬಿತ್ತು. ಎಣ್ಣೆ ಎಣ್ಣೆಯ ಹಾಗಿರಲಿಲ್ಲ, ಹಾಲು ಜಾಸ್ತಿ ಹಾಕಿದ ಚಹಾದ ಹಾಗಿತ್ತು. ಕೊನೆಗೆ ಬಂದದ್ದು ಬರೀ ನೀರು. ಈ ಗಾಡಿಯಲ್ಲಿ ಗೇರ್ ಬಾಕ್ಸ್, ಹಿಂದಿನ ಆಕ್ಸಲ್, ಹೈಡ್ರಾಲಿಕ್ ಎಲ್ಲಕ್ಕೂ ಒಂದೇ ಎಣ್ಣೆ, ಮೂವತ್ತು ಲೀಟರಿಗಿಂತ ಮೇಲೆ. ಒಂದು ಕಡೆ ನೀರು ಹೊಕ್ಕರೆ ಎಲ್ಲ ಕಡೆಗೂ ಪ್ರಸಾದ. ನೀರು ಎಲ್ಲಿಂದ ಬಂತು ಅನ್ನುವುದು ಆಮೇಲೆ.

ಬಿಚ್ಚುವ ಕೆಲಸಕ್ಕೆ ಭಾವ ಬಂದಿದ್ದರು. ಹಳೇ ಕೊಟ್ಟಿಗೆಯ ಹಲಸಿನ ತೊಲೆಗೆ ಚೈನ್ ಪುಲ್ಲಿ ಕಟ್ಟಿದೆವು. ಲಿಫ್ಟ್ ಕವರ್ ಸಣ್ಣ ಸಾಮಾನಲ್ಲ, ಕೈಯಲ್ಲಿ ಎತ್ತಲು ಹೋದರೆ ಸೊಂಟ ಹಿಡಿಯುತ್ತದೆ. ಎತ್ತುವಾಗ ವಾರೆ ಆದರೆ ಒಳಗೆ ತೂಗುತ್ತಿರುವ ಲಿವರ್‌ಗಳು ಬಗ್ಗುತ್ತವೆ. ಹಾಗಾಗಿ ಪುಲ್ಲಿ ಬೇಕೇ ಬೇಕು.

ಮೊದಲ ಅರ್ಧ ದಿನ ಹೋದದ್ದು ಬರೀ ತೊಳೆಯಲು. ವರ್ಷಗಟ್ಟಲೆ ಕೂತ ಕೆಮ್ಮಣ್ಣು, ಗ್ರೀಸು, ಅದರ ಮೇಲೆ ಭತ್ತದ ಹೊಟ್ಟು. ಇಷ್ಟನ್ನು ಇಟ್ಟುಕೊಂಡು ಕವರ್ ಎತ್ತಿದರೆ ಅರ್ಧ ಗೇರಿನ ಮೇಲೆ ಉದುರುತ್ತದೆ. ಡೀಸೆಲ್, ಬ್ರಷ್, ಗೋಣಿಯ ತುಂಡು. ಭಾವ ಕೇಳಿದರು, "ಇದು ರಿಪೇರಿಯಾ, ಮದುವೆಗೆ ತಯಾರಿಯಾ?"

ಆಮೇಲೆ ಸೀಟು, ಟಾಪ್ ಲಿಂಕ್, ಲಿಫ್ಟ್ ರಾಡ್‌ಗಳು. ಕವರಿನ ಮೇಲಿರುವ ಸಣ್ಣ ಮುಚ್ಚಳ ಬಿಚ್ಚಿ ನೆಟ್ಟನೆಯ ಪೈಪನ್ನು ಮೇಲಕ್ಕೆ ಎಳೆದು ತೆಗೆಯಬೇಕು. ಇದನ್ನು ಮರೆತು ಕವರ್ ಎತ್ತಲು ಹೋದರೆ ಬರುವುದೇ ಇಲ್ಲ. ನಮ್ಮದು ಹಿಡಿದುಕೊಂಡಿತ್ತು. ತಿರುಗಿಸಿ ತಿರುಗಿಸಿ ಸಡಿಲ ಮಾಡಿ ತೆಗೆದೆವು. ಕವರಿನ ಬೋಲ್ಟ್‌ಗಳು ಎಲ್ಲ ಒಂದೇ ಉದ್ದ ಇಲ್ಲ. ಒಂದು ರಟ್ಟಿನ ಮೇಲೆ ಕವರಿನ ಚಿತ್ರ ಬರೆದು, ಬೋಲ್ಟ್ ಇದ್ದ ಜಾಗದಲ್ಲೇ ತೂತು ಮಾಡಿ ಸಿಕ್ಕಿಸಿಟ್ಟೆ. ಉದ್ದದ ಬೋಲ್ಟನ್ನು ಗಿಡ್ಡ ತೂತಿಗೆ ಹಾಕಿ ಬಿಗಿದರೆ ಎರಕದ ಹೌಸಿಂಗ್ ಒಡೆದೀತು.

ಕವರ್ ಎದ್ದ ಮೇಲೆ ಎರಡು ಡ್ರಮ್ಮಿನ ಮೇಲೆ ಹಲಗೆ ಹಾಕಿ ಮಗುಚಿ ಮಲಗಿಸಿದೆವು. ಸಿಲಿಂಡರ್ ಇರುವುದು ಅದರ ಹೊಟ್ಟೆಯ ಭಾಗದಲ್ಲಿ. ಬೋಲ್ಟ್ ಬಿಚ್ಚಿ ಸಿಲಿಂಡರ್ ಕಳಚಿ, ಮರದ ತುಂಡಿನ ಮೇಲೆ ಮೆಲ್ಲ ಕುಟ್ಟಿದರೆ ಪಿಸ್ಟನ್ ಹೊರಗೆ ಬಂತು.

ಸಿಲಿಂಡರನ್ನು ಒರೆಸಿ ಬಿಸಿಲಿಗೆ ಹಿಡಿದು ನೋಡಿದೆ. ಒಳಗಿನ ಅರ್ಧ ಕನ್ನಡಿಯ ಹಾಗೆ ಮಿನುಗುತ್ತಿತ್ತು. ಬಾಯಿಯ ಕಡೆಯ ಅರ್ಧದಲ್ಲಿ, ಮೇಲ್ಭಾಗದ ಗೋಡೆಯಲ್ಲಿ, ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು, ಒಂದು ಪಟ್ಟಿಯಾಗಿ. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತದೆ. ತುಕ್ಕು ತಿಂದ ಗುಂಡಿಗಳು. ಕಾರಣ ಊಹಿಸಬಹುದು. ಗಾಡಿ ನಿಲ್ಲಿಸುವಾಗ ಆರ್ಮ್ ಕೆಳಗಿಳಿಸಿಯೇ ನಿಲ್ಲಿಸುತ್ತೇವೆ. ಆಗ ಪಿಸ್ಟನ್ ಒಳಗೆ ಹೋಗಿರುತ್ತದೆ, ಬಾಯಿಯ ಕಡೆಯ ಅರ್ಧ ಖಾಲಿ. ಎಣ್ಣೆಯ ಮಟ್ಟ ಅಷ್ಟು ಮೇಲೆ ಇರುವುದಿಲ್ಲ. ಒಳಗೆ ನೀರಿದೆ, ಹಗಲು ಬಿಸಿಯಾಗಿ ಆವಿ ಏಳುತ್ತದೆ, ರಾತ್ರಿ ತಣ್ಣಗಾಗಿ ಅಲ್ಲೇ ಬೆವರುತ್ತದೆ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ನಮ್ಮದು, ಆ ನಡುವೆ ತಿಂಗಳುಗಟ್ಟಲೆ ಗಾಡಿ ನಿಂತೇ ಇರುತ್ತದೆ. ತುಕ್ಕು ಹಿಡಿಯದೆ ಇನ್ನೇನು? ಲಿಫ್ಟ್ ಮೇಲೆತ್ತಿದಾಗ ಪಿಸ್ಟನ್ ರಿಂಗ್ ಬಂದು ನಿಲ್ಲುವುದು ಇದೇ ಗುಂಡಿಗಳ ಮೇಲೆ.

ರಿಂಗ್‌ಗಳೂ ಸವೆದಿದ್ದವು. ಒಂದೊಂದನ್ನೇ ಸಿಲಿಂಡರ್ ಒಳಗೆ ಸಮ ಕೂರಿಸಿ ತುದಿಗಳ ನಡುವಿನ ಸಂದಿಗೆ ಫೀಲರ್ ಗೇಜ್ ಹಾಕಿ ನೋಡಿದೆ. ಗೇಜಿನ ದಪ್ಪದ ಎಲೆಯೇ ಆರಾಮಾಗಿ ಹೋಯಿತು. ರಿಂಗ್ ತರುವವರಿಗೆ ಒಂದು ಮಾತು: ಈ ವಂಶದ ಗಾಡಿಗಳಲ್ಲಿ ಕೆಲವಕ್ಕೆ ಎರಕದ ರಿಂಗ್, ಕೆಲವಕ್ಕೆ ರಬ್ಬರ್ ಸೀಲು. ಅಂಗಡಿಗೆ ಬರೀ ಮಾಡೆಲ್ ನಂಬರ್ ಒಯ್ಯಬೇಡಿ, ಪಿಸ್ಟನ್ನನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಒಂದು ಅಂಗಡಿಯವರು ಪಿಸ್ಟನ್ ನೋಡದೆಯೇ ಬೇರೆ ಅಳತೆಯದ್ದನ್ನು ಇದೇ ಸರಿ ಅಂತ ಕೈಗೆ ಕೊಟ್ಟರು. ಪಿಸ್ಟನ್ ಜೊತೆಗೆ ಇದ್ದದ್ದಕ್ಕೆ ಅಲ್ಲೇ ಗೊತ್ತಾಯಿತು.

ಸಿಲಿಂಡರನ್ನು ಮಂಗಳೂರಿನ ಬೈಕಂಪಾಡಿಯ ಒಂದು ಲೇತ್ ಶಾಪಿಗೆ ಒಯ್ದೆ. ಗುಂಡಿ ಪೂರ್ತಿ ಹೋಗುವಷ್ಟು ಉಜ್ಜಿದರೆ ಬೋರ್, ಅಂದರೆ ಒಳಗಿನ ಅಗಲ, ದೊಡ್ಡದಾಗಿ ರಿಂಗ್ ಹಿಡಿಯುವುದಿಲ್ಲ. ಸುಮ್ನೆ ಹೋನ್ ಮಾಡಿ ಮೇಲ್ಮೇಲೆ ನಯಗೊಳಿಸಿದರೆ ಗುಂಡಿ ಉಳಿಯುತ್ತದೆ. ಮೇಸ್ತ್ರಿ ಒಳಗೆ ಬೆರಳಾಡಿಸಿ, "ಇದಕ್ಕೆ ದುಡ್ಡು ಹಾಕ್ಬೇಡಿ, ಹೊಸ ಸಿಲಿಂಡರ್ ತಗೊಳ್ಳಿ" ಅಂದರು. ಕೆಲಸ ಸಿಗುತ್ತಿದ್ದರೂ ಬೇಡ ಅಂದವರ ಮಾತು ನಂಬಬಹುದು ಅಲ್ವಾ? ಸಿಲಿಂಡರ್, ಪಿಸ್ಟನ್, ರಿಂಗ್ ಸೇರಿದ ಸೆಟ್ ಮಂಗಳೂರಿನಲ್ಲೇ ಸಿಕ್ಕಿತು. ಹೊಸ ಪಂಪಿನ ರೇಟಿಗೆ ಹೋಲಿಸಿದರೆ ಅದು ಏನೂ ಅಲ್ಲ.

ಕವರ್ ಹೇಗೂ ಹೊರಗಿದೆ. ಮತ್ತೆ ಮತ್ತೆ ಎತ್ತುವ ಕೆಲಸ ಅಲ್ಲ ಇದು. ಹಾಗಾಗಿ ಕೈಗೆ ಸಿಕ್ಕುವ ಸೀಲುಗಳನ್ನೆಲ್ಲ ಬದಲಾಯಿಸಿದೆ: ಪೈಪಿನ ಓ ರಿಂಗ್‌ಗಳು, ಸಿಲಿಂಡರಿನ ಸೀಲು, ಲಿಫ್ಟ್ ಶಾಫ್ಟಿನ ಎರಡೂ ಬದಿಯ ಸೀಲು. ಶಾಫ್ಟಿನ ಬುಷ್ ಸವೆದು ಆರ್ಮ್ ಅಲ್ಲಾಡುತ್ತಿತ್ತು, ಅದನ್ನೂ ಹಾಕಿಸಿದೆ. ಬುಷ್ ಸವೆದಿದ್ದರೆ ಹೊಸ ಸೀಲು ಹಾಕಿಯೂ ಪ್ರಯೋಜನ ಇಲ್ಲ, ಒಂದೇ ಮಳೆಗಾಲಕ್ಕೆ ಹೋಗುತ್ತದೆ. ಆರ್ಮ್ ತೆಗೆಯುವ ಮೊದಲು ಶಾಫ್ಟಿಗೂ ಆರ್ಮಿಗೂ ಸೇರಿ ಪಂಚ್ ಗುರುತು ಹಾಕಿಕೊಂಡಿದ್ದೆ. ಒಂದು ಹಲ್ಲು ಆಚೀಚೆ ಆದರೂ ಎರಡು ಆರ್ಮ್ ಎರಡು ಎತ್ತರದಲ್ಲಿ ನಿಲ್ಲುತ್ತವೆ. ತುದಿಯ ಬೋಲ್ಟ್ ಬಿಗಿಯುವಾಗಲೂ ಒಂದು ಲೆಕ್ಕ ಇದೆ. ಕೈಬಿಟ್ಟರೆ ಆರ್ಮ್ ತನ್ನ ಭಾರಕ್ಕೆ ತಾನೇ ಇಳಿಯುವಷ್ಟು ಮಾತ್ರ ಬಿಗಿ. ಅದಕ್ಕಿಂತ ಜಾಸ್ತಿ ಬಿಗಿದರೆ ಖಾಲಿ ಆರ್ಮ್ ಕೆಳಗೆ ಬರುವುದೇ ಇಲ್ಲ.

ಪಂಪ್ ಬಿಚ್ಚಲಿಲ್ಲ. ಇದಕ್ಕೆ ಭಾವ ಒಪ್ಪಲಿಲ್ಲ. "ಇಷ್ಟು ದೂರ ಬಂದು ಅದನ್ನೂ ನೋಡಿ ಬಿಡುವ" ಅಂದರು. ಪಂಪ್ ಹೊರಗೆ ಬರಬೇಕಾದರೆ ಪಿಟಿಒ ಶಾಫ್ಟನ್ನು ಹಿಂದಕ್ಕೆ ಎಳೆಯಬೇಕು, ಪಕ್ಕದ ಪಿನ್‌ಗಳನ್ನು ತೆಗೆಯಬೇಕು. ಚೆನ್ನಾಗಿ ಎತ್ತುತ್ತಿರುವ ಪಂಪಿಗೆ ಯಾಕೆ ಕೈ ಹಾಕುವುದು? ಕಂಟ್ರೋಲ್ ವಾಲ್ವನ್ನು ಮಾತ್ರ ಬೆರಳಲ್ಲಿ ಆಡಿಸಿ ನೋಡಿದೆ, ಸಲೀಸಾಗಿ ಓಡಾಡುತ್ತಿತ್ತು. ಈ ವಾಲ್ವ್ ಅಂಟಿಕೊಳ್ಳಬಾರದು ಅಂತ ಫರ್ಗ್ಯುಸನ್ ಕಡೆಯವರು ಒಂದು ಒಳ್ಳೇ ಉಪಾಯ ಮಾಡಿದ್ದಾರೆ. ಪಂಪ್ ತಿರುಗುತ್ತಿರುವಾಗ ಅದೇ ಶಾಫ್ಟಿನಿಂದ ವಾಲ್ವಿಗೆ ಸಣ್ಣ ಕುಲುಕಾಟ ಸಿಗುತ್ತಾ ಇರುತ್ತದೆ. ಹೌಸಿಂಗಿನ ತಳದಲ್ಲಿ ಕೂತ ಕೆಸರನ್ನು ಡೀಸೆಲ್ ಹಾಕಿ ಬಟ್ಟೆಯಲ್ಲಿ ಬಳಿದು ತೆಗೆದೆ. ನೂಲು ಬಿಡುವ ಬಟ್ಟೆ ಬೇಡ, ಹಳೇ ಪಂಚೆ ಒಳ್ಳೇದು.

ಕವರಿನ ಒಳಗಿನ ಲಿವರ್‌ಗಳಿಗೆ ಹೊಂದಿಸುವ ನಟ್ಟುಗಳಿವೆ. ಅವನ್ನು ಮುಟ್ಟಲಿಲ್ಲ. ಅದಕ್ಕೆ ಮ್ಯಾನುವಲ್ ಬೇಕು, ಅಳತೆಯ ಗೇಜ್ ಬೇಕು. ಎರಡೂ ಇಲ್ಲದೆ ಅಂದಾಜಿಗೆ ತಿರುಗಿಸಿದರೆ ಪೊಸಿಷನ್ ಕಂಟ್ರೋಲ್ ಒಂದು ಕಡೆ, ಎಳೆತಕ್ಕೆ ತಕ್ಕ ಹಾಗೆ ಆರ್ಮ್ ಏರಿಸಿ ಇಳಿಸುವ ಡ್ರಾಫ್ಟ್ ಕಂಟ್ರೋಲ್ ಇನ್ನೊಂದು ಕಡೆ.

ವಾಪಸ್ ಜೋಡಿಸುವಾಗ ಕಷ್ಟ ಇರುವುದು ಕವರ್ ಇಳಿಸುವ ಕೊನೆಯ ನಾಲ್ಕು ಬೆರಳಿನಲ್ಲಿ. ಮೇಲಿಂದ ಇಳಿಯುವ ಲಿವರ್‌ಗಳು ಪಂಪಿನ ಕಡೆಯ ಲಿವರಿನ ರೋಲರ್ ಹತ್ತಿರ ತಮ್ಮ ಜಾಗದಲ್ಲೇ ಕೂರಬೇಕು. ನಾನು ಪುಲ್ಲಿಯ ಚೈನ್ ಹಿಡಿದಿದ್ದೆ, ಭಾವ ಪಕ್ಕದ ಕಿಂಡಿಯಿಂದ ಟಾರ್ಚ್ ಹಾಕಿ, ತಂತಿಯಲ್ಲಿ ಲಿವರ್ ಸರಿಸುತ್ತಾ "ಬಿಡಿ, ಬಿಡಿ, ನಿಲ್ಲಿ, ಎಂತ ಮಾರಾಯ್ರೆ, ನಿಲ್ಲಿ ಅಂದೆ" ಅಂತ ನಡೆಸಿದರು. ಕೂತ ಮೇಲೆ ನೆಟ್ಟನೆಯ ಪೈಪ್. ಹೊಸ ಓ ರಿಂಗಿಗೆ ಗ್ರೀಸ್ ಹಚ್ಚಿ, ಕೈಯಲ್ಲೇ ತಿರುಗಿಸುತ್ತಾ ಒತ್ತಬೇಕು. ಸುತ್ತಿಗೆ ಮುಟ್ಟಬಾರದು. ಪಂಪಿನ ತೂತಿನ ಅಂಚಿಗೆ ತಾಗಿ ಆ ರಿಂಗ್ ಒಂದು ಚೂರು ಸೀಳಿದರೂ ಮಾಡಿದ್ದೆಲ್ಲ ನೀರುಪಾಲು, ಕವರ್ ಮುಚ್ಚಿದ ಮೇಲೆ ಅದು ಗೊತ್ತೂ ಆಗುವುದಿಲ್ಲ.

ಎಣ್ಣೆಯ ಬಗ್ಗೆ ಊರಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯ. ಸೋರುವ ಲಿಫ್ಟಿಗೆ ದಪ್ಪ ಎಣ್ಣೆ ಹಾಕಿದರೆ ಹಿಡಿಯುತ್ತದೆ ಅಂತ 140 ನಂಬರಿನ ಗೇರ್ ಎಣ್ಣೆ ಹಾಕುವವರನ್ನು ನೋಡಿದ್ದೇನೆ. ಸ್ವಲ್ಪ ದಿನ ಹಿಡಿಯುತ್ತದೆ, ಹೌದು. ಆದರೆ ಹೀರುವ ಬದಿಯಲ್ಲೇ ವಾಲ್ವ್ ಇರುವ ಪಂಪಿಗೆ ದಪ್ಪ ಎಣ್ಣೆ ಹೀರುವುದೇ ಕಷ್ಟ. ಗೇರಿಗೂ ಹೈಡ್ರಾಲಿಕ್ಕಿಗೂ ಸೇರಿ ಆಗುವ ಟ್ರ್ಯಾಕ್ಟರ್ ಎಣ್ಣೆ ಬರುತ್ತದೆ, ಡಬ್ಬಿಯ ಮೇಲೆ ಯುಟಿಟಿಒ ಅಂತ ಇರುತ್ತದೆ. ಅದನ್ನೇ ಹಾಕಿದೆ. ಐಡಲ್‌ನಲ್ಲಿ ಖಾಲಿ ಆರ್ಮನ್ನು ಎತ್ತಿ ಇಳಿಸಿ ಗಾಳಿ ಹೋಗುವ ತನಕ ಆಡಿಸಿದೆ. ಮೊದಮೊದಲು ಒಳಗಿಂದ ಗೊರಗೊರ, ಆಮೇಲೆ ನಿಂತಿತು. ಡಿಪ್‌ಸ್ಟಿಕ್ ನೋಡಿ ಕಡಿಮೆಯಾದಷ್ಟು ಮತ್ತೆ ಸೇರಿಸಿದೆ.

ಈಗ ನೀರಿನ ವಿಷಯ. ಪಿಟಿಒ ಸೀಲಿನ ಮೇಲೆ ನನಗೆ ಅನುಮಾನ ಇತ್ತು. ಕೆಸರಲ್ಲಿ ಅದು ಮುಳುಗುತ್ತದೆ, ಸ್ವಲ್ಪ ಬಂದಿರಲೂಬಹುದು. ಆದರೆ ಅಷ್ಟು ನೀರು? ಗೇರ್ ಲಿವರಿನ ಬುಡದ ರಬ್ಬರ್ ಟೊಪ್ಪಿಯನ್ನು ಎರಡು ಬೆರಳಲ್ಲಿ ಹಿಂಡಿದಾಗ ಅದು ಸುತ್ತಲೂ ಬಾಯಿ ಬಿಟ್ಟಿತು. ಮೇಲಿಂದ ನೋಡಿದರೆ ಏನೂ ಕಾಣುವುದಿಲ್ಲ, ಧೂಳು ಮುಚ್ಚಿರುತ್ತದೆ. ಮಳೆಯಲ್ಲಿ ಗದ್ದೆಯಲ್ಲಿ ಬಿಟ್ಟಾಗ ಲಿವರಿನ ಗುಂಟ ಇಳಿದ ನೀರು ಸೀದಾ ಗೇರ್ ಬಾಕ್ಸಿಗೆ, ಅಲ್ಲಿಂದ ಲಿಫ್ಟಿಗೆ. ಸಿಲಿಂಡರ್ ತಿಂದದ್ದು ಈ ಟೊಪ್ಪಿಯ ಸೀಳು. ಸೆಟ್ಟಿನ ಜೊತೆ ಹೊಸ ಟೊಪ್ಪಿ ತಂದು ಹಾಕಿದೆ. ಇಡೀ ಬಿಲ್ಲಿನಲ್ಲಿ ಅದಕ್ಕಿಂತ ಕಡಿಮೆ ರೇಟಿನ ಸಾಮಾನು ಬೇರೆ ಇರಲಿಲ್ಲ.

ರೋಟವೇಟರ್ ಸಿಕ್ಕಿಸಿ ಪೂರ್ತಿ ಎತ್ತಿ, ಅದರ ಮೇಲಿನ ಅಂಚಿನ ಮಟ್ಟಕ್ಕೆ ಕೊಟ್ಟಿಗೆಯ ಗೋಡೆಯಲ್ಲಿ ಚಾಕ್ ಗೆರೆ ಎಳೆದೆ. ಇಂಜಿನ್ ಓಡುವಾಗ ಕುಣಿತ ಇಲ್ಲ. ಬಂದ್ ಮಾಡಿ ಊಟ ಮುಗಿಸಿ ಬಂದಾಗ ಗೆರೆಯ ಮೇಲೇ ಇತ್ತು. ಬೆಳಿಗ್ಗೆ ನೋಡಿದರೆ ಒಂದು ಗೇಣು ಇಳಿದಿತ್ತು. "ಮತ್ತೆ ಸೋರ್ತಾ ಉಂಟಲ್ಲ" ಅಂದರು ಭಾವ. ಇಡೀ ರಾತ್ರಿ ಭಾರ ಹೊತ್ತು ಅಷ್ಟು ಇಳಿಯುವುದು ಈ ಜಾತಿಯ ಲಿಫ್ಟಿಗೆ ದೋಷ ಅಲ್ಲ ಅಂತ ನನ್ನ ಲೆಕ್ಕ. ಅವರ ಲೆಕ್ಕದಲ್ಲಿ ಪಂಪ್ ಬಿಚ್ಚಬೇಕಿತ್ತು. ಸುಗ್ಗಿ ಉಳುಮೆ ಮುಗಿಯಲಿ, ಪಿಟಿಒ ಸೀಲು ಹಾಕಲು ಹೇಗೂ ಶಾಫ್ಟ್ ಎಳೆಯಲೇಬೇಕು. ಆಗ ಬೇಕಾದರೆ ಅದನ್ನೂ ಹೊರಗೆ ತೆಗೆದು ನೋಡುವ ಅಂತ ಒಪ್ಪಂದ ಆಗಿದೆ.